ಮನೆಯ ಫ್ರೀಜರಿನಲ್ಲಿ ಬಿಯರ್ ಯೀಸ್ಟ್: ಶೇಖರಣಾ ಪೆಟ್ಟಿಗೆಯ ನಿರ್ಮಾಣ ಮತ್ತು ಬಳಕೆ

ಮನೆಯಲ್ಲಿ ಬಿಯರ್ ತಯಾರಿಸುವವರು ಬಳಸುವ ದ್ರವರೂಪದ ಯೀಸ್ಟಿನ ಒಂದು ಪೊಟ್ಟಣಕ್ಕೆ ಅಮೆರಿಕದ ಅಂಗಡಿಗಳಲ್ಲಿ ಹತ್ತರಿಂದ ಹದಿನೈದು ಡಾಲರ್ ಬೆಲೆಯಿದೆ. ಬೆಲೆಗಿಂತ ದೊಡ್ಡ ತೊಡಕು ಅದರ ಆಯಸ್ಸು. ಫ್ರಿಜ್ಜಿನಲ್ಲಿಟ್ಟರೂ ತಿಂಗಳಿಗೆ ಸುಮಾರು ಐದನೇ ಒಂದು ಭಾಗದಷ್ಟು ಕೋಶಗಳು ಸಾಯುತ್ತವೆ ಎಂದೇ ಈ ಹವ್ಯಾಸದವರ ಲೆಕ್ಕಾಚಾರದ ಸೂತ್ರಗಳು ಹಿಡಿಯುತ್ತವೆ. ವಾಯೀಸ್ಟ್ ಕಂಪನಿಯ 1318 ಎಂಬ ಲಂಡನ್ ಏಲ್ ತಳಿಯನ್ನೂ 3068 ಎಂಬ ಗೋಧಿ ಬಿಯರಿನ ತಳಿಯನ್ನೂ ನಾನು ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಬಳಸುವುದರಿಂದ, ಪ್ರತಿ ಸಲ ಹೊಸ ಪೊಟ್ಟಣ ಕೊಳ್ಳುವ ಬದಲು ಒಂದೇ ಪೊಟ್ಟಣವನ್ನು ಬೆಳೆಸಿ, ಎಂಟು ಟ್ಯೂಬುಗಳಲ್ಲಿ ಹಂಚಿ, ಅಡುಗೆಮನೆಯ ಫ್ರೀಜರಿನಲ್ಲಿಯೇ ಉಳಿಸಿಕೊಳ್ಳುವ ವ್ಯವಸ್ಥೆಯೊಂದನ್ನು ಮಾಡಿಕೊಂಡಿದ್ದೇನೆ. ಅದರ ವಿವರ ಇಲ್ಲಿದೆ.

ನಾನಿರುವುದು ಆರೆಗಾನ್ ರಾಜ್ಯದ ಹಿಲ್ಸ್‌ಬರೋದಲ್ಲಿ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನು 1979ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮೇಲೆ, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ ಸ್ವಂತ ಬಳಕೆಗಾಗಿ ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲದೆ ಬಿಯರ್ ತಯಾರಿಸಲು ಕೇಂದ್ರ ಕಾನೂನಿನ ಅಡ್ಡಿಯಿಲ್ಲ. ಕರ್ನಾಟಕದಲ್ಲಿ ಹಾಗಲ್ಲ. 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಊರಿನಲ್ಲಿರುವ ಓದುಗರು ಯೀಸ್ಟನ್ನು ಕಾಪಿಡುವ ವಿಧಾನವನ್ನಷ್ಟೇ ಇಲ್ಲಿಂದ ತೆಗೆದುಕೊಂಡು ಬ್ರೆಡ್ಡಿಗೆ ಬಳಸಿಕೊಳ್ಳಬಹುದು.

ಯೀಸ್ಟನ್ನು ಹಾಗೆಯೇ ಫ್ರೀಜರಿನಲ್ಲಿಟ್ಟರೆ ಬಹುಪಾಲು ಸಾಯುತ್ತದೆ. ಕಾರಣ ಚಳಿಯಲ್ಲ, ಮಂಜುಗಡ್ಡೆ. ಕೋಶದ ಹೊರಗಿನ ನೀರು ಮೊದಲು ಹೆಪ್ಪುಗಟ್ಟುವುದರಿಂದ ಉಳಿದ ದ್ರವದಲ್ಲಿ ಲವಣಗಳ ಸಾಂದ್ರತೆ ಏರುತ್ತದೆ, ಕೋಶದೊಳಗಿನ ನೀರು ಹೊರಕ್ಕೆ ಹರಿದು ಕೋಶ ಸೊರಗುತ್ತದೆ. ತಂಪಾಗುವ ವೇಗ ಹೆಚ್ಚಾದರೆ ನೀರು ಹೊರಹೋಗಲು ಸಮಯ ಸಿಗದೆ ಕೋಶದೊಳಗೇ ಹರಳು ಮೂಡಿ ಪೊರೆಯನ್ನು ಹರಿಯುತ್ತದೆ. ಈ ಎರಡು ಅಪಾಯಗಳ ನಡುವಿನ ದಾರಿ ಗ್ಲಿಸರಾಲ್, ಅಂದರೆ ಅಂಗಡಿಗಳಲ್ಲಿ ಗ್ಲಿಸರಿನ್ ಎಂದು ಸಿಗುವ ದ್ರವ. 1949ರಲ್ಲಿ ಲಂಡನ್ನಿನಲ್ಲಿ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಅವರು ಹುಂಜದ ವೀರ್ಯಾಣುಗಳನ್ನು ಗ್ಲಿಸರಾಲಿನಲ್ಲಿಟ್ಟು ಘನೀಕರಿಸಿ, ಕರಗಿಸಿದ ಮೇಲೆಯೂ ಅವು ಚಲಿಸುವುದನ್ನು ತೋರಿಸಿದರು. ಪ್ರಯೋಗಾಲಯಗಳ ಶೀತಸಂಗ್ರಹಗಳಲ್ಲಿ ಇಂದು ಬಳಸುವ ವಿಧಾನದ ಬೇರು ಅಲ್ಲಿದೆ. ಪುಣೆಯ ಕೈಗಾರಿಕಾ ಸೂಕ್ಷ್ಮಜೀವಿ ಸಂಗ್ರಹವಾದ ಎನ್‌ಸಿಐಎಂ, ಇಂಗ್ಲೆಂಡಿನ ನಾರಿಚ್‌ನಲ್ಲಿರುವ ರಾಷ್ಟ್ರೀಯ ಯೀಸ್ಟ್ ಸಂಗ್ರಹದಂಥ ಸಂಸ್ಥೆಗಳ ಕೈಯಲ್ಲಿ ದ್ರವ ಸಾರಜನಕವೋ ಮೈನಸ್ 80 ಡಿಗ್ರಿಯ ಯಂತ್ರವೋ ಇರುತ್ತದೆ. ಮನೆಯಲ್ಲಿ ಸಿಗುವುದು ಮೈನಸ್ 18 ಡಿಗ್ರಿ ಸೆಲ್ಸಿಯಸ್ ಮಾತ್ರ.

ಈ ಮೈನಸ್ 18 ಸಾಲದು ಎಂದು ಹಲವರು ಕೈಬಿಡುತ್ತಾರೆ. ನನ್ನ ಅನುಭವದಲ್ಲಿ ಮನೆಯ ಫ್ರೀಜರಿನ ನಿಜವಾದ ದೋಷ ಅದು ಸಾಕಷ್ಟು ತಣ್ಣಗಿಲ್ಲ ಎಂಬುದಲ್ಲ, ಅದು ಒಂದೇ ಸಮನೆ ತಣ್ಣಗಿರುವುದಿಲ್ಲ ಎಂಬುದು. ಈಗಿನ ಫ್ರಿಜ್ಜುಗಳೆಲ್ಲ ಸಾಮಾನ್ಯವಾಗಿ ಹಿಮ ಕಟ್ಟದ ಬಗೆಯವು. ಕೆಲವು ಗಂಟೆಗಳ ಓಟಕ್ಕೊಮ್ಮೆ ಒಳಗಿನ ಹೀಟರ್ ಹೊತ್ತಿಕೊಂಡು ಸುರುಳಿಯ ಮೇಲಿನ ಹಿಮವನ್ನು ಕರಗಿಸುತ್ತದೆ, ಆ ಹೊತ್ತಿನಲ್ಲಿ ಗಾಳಿಯ ಉಷ್ಣತೆ ಎಷ್ಟೋ ಡಿಗ್ರಿ ಮೇಲೇರುತ್ತದೆ. ಇದರ ಜೊತೆಗೆ ತೆಂಗಿನತುರಿಗೆಂದೋ ಹಿತಕಿದ ಅವರೆಬೇಳೆಗೆಂದೋ ದಿನಕ್ಕೆ ಹಲವು ಸಲ ಬಾಗಿಲು ತೆರೆಯುತ್ತದೆ. ಉಷ್ಣತೆ ಏರಿದಾಗ ಸಣ್ಣ ಹರಳುಗಳು ಕರಗಿ, ಇಳಿದಾಗ ಆ ನೀರು ದೊಡ್ಡ ಹರಳುಗಳಿಗೆ ಸೇರಿಕೊಳ್ಳುತ್ತದೆ. ಹೀಗೆ ಪ್ರತಿ ಸುತ್ತಿನಲ್ಲಿಯೂ ಹರಳುಗಳು ಕಡಿಮೆಯಾಗಿ, ದೊಡ್ಡದಾಗಿ, ಕೋಶಗಳಿಗೆ ಹಾನಿ ಹೆಚ್ಚುತ್ತದೆ. ಐಸ್‌ಕ್ರೀಮ್ ಹಳತಾದಂತೆ ಮರಳುಮರಳಾಗುವುದು ಇದೇ ಕಾರಣಕ್ಕೆ. ಆದ್ದರಿಂದ ಈ ಕೆಲಸದಲ್ಲಿ ಹೆಚ್ಚು ಯೋಚನೆ ಬೇಡಿದ್ದು ಯೀಸ್ಟಲ್ಲ, ಅದನ್ನಿಡುವ ಪೆಟ್ಟಿಗೆ.

ಪೆಟ್ಟಿಗೆ

ಹೊರಕವಚಕ್ಕೆ ಔಷಧಿ ರವಾನಿಸಲು ಬಳಸುವ ಥರ್ಮೋಕೋಲ್ ಪೆಟ್ಟಿಗೆಯೊಂದನ್ನು ತೆಗೆದುಕೊಂಡೆ. ಗೋಡೆ ನಾಲ್ಕು ಸೆಂಟಿಮೀಟರ್ ದಪ್ಪ. ಒಳಗೆ ಒಂದು ಸಣ್ಣ ಟ್ಯೂಬ್ ಸ್ಟ್ಯಾಂಡ್ ಮತ್ತು ಅದರ ನಾಲ್ಕೂ ಬದಿಗೆ ಚಪ್ಪಟೆಯಾದ ಅರ್ಧ ಲೀಟರ್ ಬಾಟಲಿಗಳು ಹಿಡಿಯುವಷ್ಟು ಜಾಗ. ಇಂಥ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಎಲ್ಲರೂ ಐಸ್ ಪ್ಯಾಕುಗಳನ್ನು ಇಡುತ್ತಾರೆ. ಅದರಲ್ಲಿ ಒಂದು ಲೋಪವಿದೆ. ನೀರಿನ ಮಂಜುಗಡ್ಡೆ ತನ್ನ ಗುಪ್ತೋಷ್ಣವನ್ನು ಹೀರುವುದು ಸೊನ್ನೆ ಡಿಗ್ರಿಯಲ್ಲಿ ಕರಗುವಾಗ ಮಾತ್ರ. ಟ್ಯೂಬಿನೊಳಗಿನ ಗ್ಲಿಸರಾಲ್ ಮಿಶ್ರಣವೋ ಸೊನ್ನೆಗಿಂತ ಹಲವು ಡಿಗ್ರಿ ಕೆಳಗೇ ಕರಗಿಬಿಟ್ಟಿರುತ್ತದೆ. ಅಂದರೆ ಐಸ್ ಪ್ಯಾಕು ನೆರವಿಗೆ ಬರುವ ಹೊತ್ತಿಗೆ ಕಾಪಾಡಬೇಕಾದ ವಸ್ತು ಆಗಲೇ ನೀರಾಗಿರುತ್ತದೆ.

ಬೇಕಾಗಿರುವುದು ಮೈನಸ್ 18ರಲ್ಲಿ ಪೂರ್ತಿ ಗಟ್ಟಿಯಾಗುವ, ಆದರೆ ಮೈನಸ್ ಹತ್ತರ ಆಸುಪಾಸಿನಲ್ಲಿಯೇ ಕರಗತೊಡಗುವ ದ್ರಾವಣ. ಅಡುಗೆ ಉಪ್ಪು ಇದಕ್ಕೆ ಹೊಂದುವುದಿಲ್ಲ. ಉಪ್ಪುನೀರು ಸಂಪೂರ್ಣವಾಗಿ ಗಟ್ಟಿಯಾಗುವುದು ಮೈನಸ್ 21 ಡಿಗ್ರಿಯಲ್ಲಿ. ಮನೆಯ ಫ್ರೀಜರಿನಲ್ಲಿ ಅದು ಸದಾ ಅರೆಬರೆ ಹೆಪ್ಪುಗಟ್ಟಿದ ರಾಡಿಯಾಗಿಯೇ ಉಳಿಯುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಸರಿಹೊಂದುತ್ತದೆ. ತೂಕದಲ್ಲಿ ಸುಮಾರು ಶೇಕಡ 20ರಷ್ಟು ಪೊಟ್ಯಾಸಿಯಂ ಕ್ಲೋರೈಡ್ ಇರುವ ನೀರು ಮೈನಸ್ 10.7 ಡಿಗ್ರಿಯಲ್ಲಿ ಶುದ್ಧ ವಸ್ತುವಿನಂತೆ ಒಂದೇ ಉಷ್ಣತೆಯಲ್ಲಿ ಹೆಪ್ಪುಗಟ್ಟುತ್ತದೆ, ಅದೇ ಉಷ್ಣತೆಯಲ್ಲಿ ಕರಗುತ್ತದೆ. ಬಾಟಲಿಯಲ್ಲಿ ಗಟ್ಟಿಯಾದ ಭಾಗ ಉಳಿದಿರುವವರೆಗೆ ಪೆಟ್ಟಿಗೆಯ ಒಳಗು ಆ ಮಟ್ಟದಿಂದ ಹೆಚ್ಚು ಮೇಲೇರುವುದಿಲ್ಲ. ಅಮೋನಿಯಂ ಕ್ಲೋರೈಡ್ ಬಳಸಿದರೆ ಈ ಮಟ್ಟ ಮೈನಸ್ 15ರ ಹತ್ತಿರಕ್ಕೆ ಇಳಿಯುತ್ತದೆ. ಆದರೆ ಬಾಗಿಲು ಪದೇ ಪದೇ ತೆರೆಯುವ ಫ್ರೀಜರಿನಲ್ಲಿ ಅದು ಮತ್ತೆ ಪೂರ್ತಿ ಗಟ್ಟಿಯಾಗುತ್ತದೆಂಬ ಭರವಸೆ ನನಗಿರಲಿಲ್ಲ.

ಪೊಟ್ಯಾಸಿಯಂ ಕ್ಲೋರೈಡ್ ಇಲ್ಲಿ ಗಡಸು ನೀರನ್ನು ಮೆದುಗೊಳಿಸುವ ಯಂತ್ರಗಳಿಗೆಂದು ಚೀಲಗಳಲ್ಲಿ ಸಿಗುತ್ತದೆ. ಬಾಟಲಿಯೊಂದಕ್ಕೆ 360 ಗ್ರಾಂ ನೀರು, 90 ಗ್ರಾಂ ಲವಣ ಹಾಕಿದೆ. ಕರಗುವಾಗ ಅದು ನೀರಿನ ಶಾಖವನ್ನು ಹೀರಿ ಬಾಟಲಿಯನ್ನು ತಣ್ಣಗೆ ಮಾಡುತ್ತದೆ, ಹಾಗಾಗಿ ಬೆಚ್ಚಗಿನ ನೀರಿನಲ್ಲಿ ಕರಗಿಸುವುದು ಸುಲಭ. ಹಿಗ್ಗುವುದಕ್ಕೆ ಜಾಗ ಬಿಟ್ಟು ಮುಚ್ಚಳ ಬಿಗಿದೆ. ಯಾರೂ ಕುಡಿಯುವ ನೀರೆಂದು ತಿಳಿಯದಿರಲೆಂದು ದಟ್ಟವಾದ ನೀಲಿ ಬಣ್ಣ ಬೆರೆಸಿ, ಬಾಟಲಿಯ ಮೇಲೆ ದೊಡ್ಡದಾಗಿ ಎಚ್ಚರಿಕೆ ಬರೆದಿದ್ದೇನೆ. ಈ ಲವಣ ಹೆಚ್ಚು ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ಹೃದಯದ ಬಡಿತಕ್ಕೇ ಅಪಾಯ. ಮೊದಲ ಸಲ ಗಟ್ಟಿಯಾಗಲು ಬಾಟಲಿಗಳು ಸಾಕಷ್ಟು ಕಾಲ ತೆಗೆದುಕೊಳ್ಳುತ್ತವೆ. ಕೆಲವು ಬಾಟಲಿಗಳು ಮೈನಸ್ 11ಕ್ಕಿಂತ ಕೆಳಗಿಳಿದರೂ ದ್ರವವಾಗಿಯೇ ಇದ್ದು, ಕೈಯಲ್ಲಿ ಹಿಡಿದು ಜೋರಾಗಿ ಅಲುಗಾಡಿಸಿದಾಗ ಕಣ್ಣೆದುರೇ ಬಿಳಿಚಿಕೊಂಡು ಹೆಪ್ಪುಗಟ್ಟುತ್ತವೆ. ನೋಡುವುದಕ್ಕೆ ಅದೊಂದು ಸೊಗಸು.

ಉಷ್ಣತೆ ಅಳೆಯಲು ವೈರಿನ ತುದಿಯಲ್ಲಿ ಸಂವೇದಕವಿರುವ, ಕನಿಷ್ಠ ಮತ್ತು ಗರಿಷ್ಠ ಅಂಕಿಗಳನ್ನು ನೆನಪಿಡುವ ಅಗ್ಗದ ಡಿಜಿಟಲ್ ಥರ್ಮಾಮೀಟರುಗಳು ಎರಡು ಬೇಕಾದವು. ಒಂದನ್ನು ಫ್ರೀಜರಿನ ಗಾಳಿಗೆ ಬಿಟ್ಟೆ. ಇನ್ನೊಂದರ ತುದಿಯನ್ನು ಶೇಕಡ 25ರ ಗ್ಲಿಸರಾಲ್ ತುಂಬಿದ ಟ್ಯೂಬಿನೊಳಗೆ ಮುಳುಗಿಸಿ, ಆ ಟ್ಯೂಬನ್ನು ಯೀಸ್ಟ್ ಟ್ಯೂಬುಗಳ ಸಾಲಿನಲ್ಲಿಯೇ ನಿಲ್ಲಿಸಿದೆ. ನಮಗೆ ತಿಳಿಯಬೇಕಾದದ್ದು ಗಾಳಿಯ ಉಷ್ಣತೆಯಲ್ಲ, ಟ್ಯೂಬಿನೊಳಗಿನದು. ಹಿಮ ಕರಗಿಸುವ ಸುತ್ತಿನಲ್ಲಿ ಗಾಳಿಯ ಅಂಕಿ ಮೈನಸ್ ಐದರ ಸಮೀಪಕ್ಕೆ ಏರಿದಾಗಲೂ ಟ್ಯೂಬಿನ ಅಂಕಿ ಸುಮಾರು ಒಂದು ಡಿಗ್ರಿಯೊಳಗೇ ತುಯ್ದಾಡಿತು. ಇದರಲ್ಲಿ ಹೆಚ್ಚಿನ ಪಾಲು ಥರ್ಮೋಕೋಲಿನದೇ. ಲವಣದ ಬಾಟಲಿಗಳ ನಿಜವಾದ ಉಪಯೋಗ ಕಾಣುವುದು ಕರೆಂಟ್ ಹೋದಾಗ. 2021ರ ಫೆಬ್ರವರಿಯ ಹಿಮಮಳೆಯಲ್ಲಿ ಆರೆಗಾನಿನ ಲಕ್ಷಾಂತರ ಮನೆಗಳಿಗೆ ವಿದ್ಯುತ್ ಇಲ್ಲದೆ ಹೋದದ್ದನ್ನು ಕಂಡವರಿಗೆ ಈ ಮುನ್ನೆಚ್ಚರಿಕೆ ಅತಿಯೆನಿಸದು.

ಗ್ಲಿಸರಾಲ್ ಮತ್ತು ಕುಕ್ಕರ್

ಆಹಾರಕ್ಕೆ ಯೋಗ್ಯವೆಂದು ನಮೂದಿಸಿದ ಗ್ಲಿಸರಿನನ್ನೇ ಕೊಳ್ಳಬೇಕು. ಅದು ಜೇನಿನಷ್ಟು ಮಂದವಾಗಿರುವುದರಿಂದ ಅಳತೆಯ ಲೋಟದಲ್ಲಿ ಅರ್ಧ ಅಂಟಿಕೊಂಡೇ ಉಳಿಯುತ್ತದೆ. ತೂಗಿ ಹಾಕುವುದು ಮೇಲು. ಮಿಲಿಲೀಟರಿಗೆ 1.26 ಗ್ರಾಂ ತೂಗುವುದರಿಂದ 63 ಗ್ರಾಂ ಗ್ಲಿಸರಿನ್, 50 ಗ್ರಾಂ ನೀರು ಸೇರಿಸಿದರೆ ಗಾತ್ರದಲ್ಲಿ ಅರ್ಧದಷ್ಟು ಗ್ಲಿಸರಿನ್ ಇರುವ ದ್ರಾವಣ ಸಿಗುತ್ತದೆ. ಇದನ್ನು ಸಮ ಪ್ರಮಾಣದ ಯೀಸ್ಟ್ ಗಸಿಯೊಂದಿಗೆ ಬೆರೆಸಿದಾಗ ಕೊನೆಗೆ ನಿಲ್ಲುವುದು ಶೇಕಡ 25.

ಕ್ರಿಮಿಶುದ್ಧಿಗೆ ಊರಿನಿಂದ ತಂದ ಐದು ಲೀಟರಿನ ಪ್ರೆಶರ್ ಕುಕ್ಕರ್ ಸಾಕು. ಬರೀ ಕುದಿಸುವುದರಿಂದ ಬ್ಯಾಕ್ಟೀರಿಯಾಗಳ ಸ್ಪೋರುಗಳು ಸಾಯುವುದಿಲ್ಲ. 121 ಡಿಗ್ರಿ ಬೇಕು, ಅದಕ್ಕೆ ಚದರ ಅಂಗುಲಕ್ಕೆ 15 ಪೌಂಡಿನಷ್ಟು ಒತ್ತಡ ಬೇಕು. ನಮ್ಮ ಸಾಮಾನ್ಯ ಕುಕ್ಕರಿನ ವೆಯ್ಟ್ ಏಳುವುದು ಹೆಚ್ಚುಕಡಿಮೆ ಅದೇ ಒತ್ತಡದಲ್ಲಿ. ಆದರೆ ಅನ್ನ ಬೇಯಿಸುವ ರೀತಿಗೂ ಇದಕ್ಕೂ ವ್ಯತ್ಯಾಸವಿದೆ. ಬೊರೋಸಿಲಿಕೇಟ್ ಗಾಜಿನ ಬಾಟಲಿಯ ಮುಚ್ಚಳವನ್ನು ಸಡಿಲವಾಗಿಟ್ಟು, ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿ, ಬುಡಕ್ಕೆ ತಾಗದಂತೆ ತಟ್ಟೆಯ ಮೇಲೆ ನಿಲ್ಲಿಸಬೇಕು. ವೆಯ್ಟ್ ಹಾಕುವ ಮೊದಲು ಹಬೆ ಕೆಲವು ನಿಮಿಷ ಧಾರಾಳವಾಗಿ ಹೊರಬರಲು ಬಿಡಬೇಕು; ಒಳಗೆ ಗಾಳಿ ಉಳಿದರೆ ಒತ್ತಡ ಏರಿದರೂ ಉಷ್ಣತೆ ಏರುವುದಿಲ್ಲ. ಮೊದಲ ವಿಷಲ್ ಆದ ಮೇಲೆ ಉರಿಯನ್ನು ಮತ್ತೆ ವಿಷಲ್ ಬಾರದಷ್ಟಕ್ಕೆ ಇಳಿಸಿ 25 ನಿಮಿಷ ಇಡುತ್ತೇನೆ. ವಿಷಲ್ ಆದಾಗಲೆಲ್ಲ ಒತ್ತಡ ತಟ್ಟನೆ ಕುಸಿದು ಬಾಟಲಿಯೊಳಗಿನ ದ್ರವ ಉಕ್ಕಿ ಹೊರಬರುತ್ತದೆ. ಅದೇ ಕಾರಣಕ್ಕೆ ಉರಿ ಆರಿಸಿದ ಮೇಲೆ ವೆಯ್ಟ್ ಎತ್ತಬಾರದು, ಕುಕ್ಕರ್ ತಾನಾಗಿಯೇ ತಣಿಯಬೇಕು. ಬೆಂಗಳೂರಿನಂತೆ ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರಿನಲ್ಲಿ ಇದೇ ಕುಕ್ಕರಿನ ಒಳಗಿನ ಉಷ್ಣತೆ ಒಂದೆರಡು ಡಿಗ್ರಿ ಕಡಿಮೆ ಇರುವುದರಿಂದ ಇನ್ನಷ್ಟು ನಿಮಿಷ ಸೇರಿಸಬೇಕಾಗುತ್ತದೆ.

ಟ್ಯೂಬುಗಳು 15 ಮಿಲಿಲೀಟರಿನವು, ಪಾಲಿಪ್ರೊಪಿಲೀನಿನವು, ಕ್ರಿಮಿಶುದ್ಧವಾಗಿಯೇ ಪೊಟ್ಟಣ ಕಟ್ಟಿ ಮಾರುವಂಥವು. ಅವುಗಳ ಮುಚ್ಚಳ ಬೇರೆ ಪ್ಲಾಸ್ಟಿಕ್ಕಿನದಾಗಿದ್ದು ಕುಕ್ಕರಿನಲ್ಲಿ ಸೊಟ್ಟಗಾಗುವ ಸಂಭವವಿರುವುದರಿಂದ ಮರುಬಳಕೆಯ ಗೊಡವೆಗೆ ನಾನು ಹೋಗುವುದಿಲ್ಲ.

ಯೀಸ್ಟನ್ನು ಸಿದ್ಧಗೊಳಿಸುವುದು

ಬಿಯರ್ ಹುದುಗಿ ಮುಗಿದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವ ಗಷ್ಟನ್ನೇ ಬಾಚಿ ಟ್ಯೂಬಿಗೆ ತುಂಬುವವರಿದ್ದಾರೆ. ಖರ್ಚಿಲ್ಲದ ದಾರಿ, ಆದರೆ ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಚೂರು, ಪ್ರೋಟೀನಿನ ಕಸ, ಸತ್ತ ಕೋಶಗಳು ತುಂಬಿರುತ್ತವೆ; ಬದುಕಿರುವ ಕೋಶಗಳೂ ಮದ್ಯಸಾರದಲ್ಲಿ ನೆನೆದು ಬಳಲಿರುತ್ತವೆ. ಮೊಸರಿನ ಹೆಪ್ಪನ್ನು ದಿನದಿಂದ ದಿನಕ್ಕೆ ಮುಂದುವರಿಸುತ್ತ ಹೋದಂತೆ ಅದರ ಗುಣ ಹೇಗೆ ನಿಧಾನವಾಗಿ ಬದಲಾಗುತ್ತದೋ ಹಾಗೆ ಒಂದು ಬಿಯರಿನಿಂದ ಇನ್ನೊಂದಕ್ಕೆ ದಾಟಿಸಿದ ಯೀಸ್ಟಿನ ನಡತೆಯೂ ಬದಲಾಗುತ್ತದೆ, ಮತ್ತು ನಾವು ಘನೀಕರಿಸುವುದು ಮೂಲದ ನಡತೆಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ.

ಆದ್ದರಿಂದ ಹೊಸ ಪೊಟ್ಟಣವನ್ನೇ ಎರಡು ಲೀಟರ್ ಸ್ಟಾರ್ಟರಿನಲ್ಲಿ, ಅಂದರೆ ಯೀಸ್ಟನ್ನು ಹೆಚ್ಚಿಸಲೆಂದೇ ಮಾಡುವ ಸಣ್ಣ ಹುದುಗಿನಲ್ಲಿ, ಬೆಳೆಸುತ್ತೇನೆ. ಲೀಟರಿಗೆ 100 ಗ್ರಾಂ ಮಾಲ್ಟ್ ಸಾರದ ಪುಡಿ ಹಾಕಿ ಕುದಿಸಿದರೆ, ನೀರಿಗೆ ಹೋಲಿಸಿ 1.037ರ ಸಾಂದ್ರತೆಯ ವರ್ಟ್, ಅಂದರೆ ಯೀಸ್ಟ್ ಹುದುಗಿಸುವ ಸಿಹಿ ದ್ರವ, ಆಗುತ್ತದೆ. ಅದಕ್ಕೆ ಸತು ಇರುವ ಯೀಸ್ಟ್ ಪೋಷಕವನ್ನು ಚಿಟಿಕೆಯಷ್ಟು ಸೇರಿಸುತ್ತೇನೆ. ಕಲಕುವ ಯಂತ್ರ ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನಿಗೆ ಹಾರ್ಡ್ ಡಿಸ್ಕಿನ ಅಯಸ್ಕಾಂತ ಅಂಟಿಸಿ ಮಾಡಿದ್ದು. ಹುದುಗುವಿಕೆ ಮುಗಿದ ಮೇಲೆಯೂ ಅವಸರಪಡದೆ ಅರ್ಧ ದಿನ ಬಿಟ್ಟು, ಬಳಿಕ ಎರಡು ದಿನ 4 ಡಿಗ್ರಿಯ ಫ್ರಿಜ್ಜಿನಲ್ಲಿ ನಿಲ್ಲಿಸುತ್ತೇನೆ. ಸಕ್ಕರೆ ಮುಗಿಯುತ್ತ ಬಂದಾಗ ಯೀಸ್ಟ್ ಬೆಳೆಯುವುದನ್ನು ನಿಲ್ಲಿಸಿ ಗ್ಲೈಕೋಜನ್ ಮತ್ತು ಟ್ರೆಹಲೋಸ್ ಎಂಬ ಶರ್ಕರಗಳನ್ನು ಕೂಡಿಡುತ್ತದೆ. ಎರಡನೆಯದು ಕೋಶಪೊರೆಗೆ ಹೆಪ್ಪುಗಟ್ಟುವಿಕೆಯಿಂದ ರಕ್ಷಣೆ ಕೊಡುವಂಥದು. ರಭಸದಿಂದ ಮೊಳೆಯುತ್ತಿರುವ ಯೀಸ್ಟನ್ನು ಘನೀಕರಿಸಿದರೆ ಹೆಚ್ಚು ಸಾಯುವುದು ಇದರಿಂದಲೇ. ತಳಕ್ಕೆ ಕುಳಿತ ಮೇಲೆ ತಿಳಿಯನ್ನು ಬಸಿದರೆ ಕೆನೆಬಣ್ಣದ ಗಸಿ ಉಳಿಯುತ್ತದೆ. ಅದರಲ್ಲಿ 40 ಮಿಲಿಲೀಟರ್ ಟ್ಯೂಬುಗಳಿಗೆ, ಉಳಿದದ್ದು ಆ ವಾರದ ಬಿಯರಿಗೆ.

ತುಂಬುವ ದಿನ ಫ್ಯಾನು ಮತ್ತು ಹೀಟರಿನ ಗಾಳಿಯನ್ನು ನಿಲ್ಲಿಸಿ, ಮೇಜನ್ನು ಶೇಕಡ 70ರ ಐಸೊಪ್ರೊಪೈಲ್ ಮದ್ಯಸಾರದಿಂದ ಒರೆಸುತ್ತೇನೆ. ಶೇಕಡ 99ರದು ಹೆಚ್ಚು ಬಲವಾದದ್ದೆಂದು ತೋರಿದರೂ ಕ್ರಿಮಿಗಳ ಪ್ರೋಟೀನನ್ನು ಕೆಡಿಸಲು ಸ್ವಲ್ಪ ನೀರು ಬೇಕು, ಮತ್ತು ಶೇಕಡ 99ರದು ಬೇಗ ಆರಿಹೋಗುತ್ತದೆ. ಮೇಜು ಪೂರ್ತಿ ಒಣಗಿದ ಮೇಲೆಯೇ ಕ್ಯಾಂಪಿಂಗ್ ಸ್ಟವ್ ಹಚ್ಚಬೇಕು. ಜ್ವಾಲೆಯ ಸುತ್ತ ಗಾಳಿ ಮೇಲ್ಮುಖವಾಗಿ ಚಲಿಸುವುದರಿಂದ ಅದರ ಪಕ್ಕದಲ್ಲಿ ತೆರೆದ ಟ್ಯೂಬಿನೊಳಗೆ ಧೂಳು ಬೀಳುವುದು ಕಡಿಮೆ. ಪ್ರತಿ ಟ್ಯೂಬಿಗೆ 5 ಮಿಲಿಲೀಟರ್ ಗಸಿ ಹಾಕಿ, ನಂತರ 5 ಮಿಲಿಲೀಟರ್ ಗ್ಲಿಸರಿನ್ ದ್ರಾವಣವನ್ನು ಒಮ್ಮೆಗೇ ಸುರಿಯದೆ ಮೂರು ನಾಲ್ಕು ಕಂತುಗಳಲ್ಲಿ, ನಡುನಡುವೆ ಮೆಲ್ಲಗೆ ಮಗುಚುತ್ತ ಸೇರಿಸಬೇಕು. ಒಮ್ಮೆಗೇ ಸೇರಿಸಿದರೆ ಅಭಿಸರಣದ ಒತ್ತಡಕ್ಕೆ ಸಿಕ್ಕಿ ಕೋಶಗಳು ಥಟ್ಟನೆ ನೀರು ಕಳೆದುಕೊಳ್ಳುತ್ತವೆ. ಮೇಲೆ ಮೂರನೇ ಒಂದು ಭಾಗ ಖಾಲಿ ಬಿಟ್ಟರೆ ಹಿಗ್ಗಿದಾಗ ಒಡೆಯುವ ಭಯವಿಲ್ಲ.

ತುಂಬಿದ ಟ್ಯೂಬುಗಳು ಒಂದು ರಾತ್ರಿ ಫ್ರಿಜ್ಜಿನಲ್ಲಿ ಕಳೆದ ಮೇಲೆ ಪೆಟ್ಟಿಗೆಗೆ ಹೋಗುತ್ತವೆ. ಪ್ರಯೋಗಾಲಯಗಳಲ್ಲಿ ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಸಲು ಟ್ಯೂಬುಗಳನ್ನು ಮದ್ಯಸಾರದ ಡಬ್ಬಿಯಲ್ಲಿಟ್ಟು ಮೈನಸ್ 80ಕ್ಕೆ ಒಯ್ಯುತ್ತಾರೆ. ಅದನ್ನು ಅನುಕರಿಸಿ ಮನೆಯ ಫ್ರೀಜರಿನಲ್ಲಿ ಐಸೊಪ್ರೊಪೈಲ್ ತುಂಬಿದ ಜಾಡಿ ಇಡುವುದನ್ನು ನಾನು ಬೆಂಬಲಿಸುವುದಿಲ್ಲ; ಸೋರಿದ ಮದ್ಯಸಾರದ ಆವಿ ಮತ್ತು ಫ್ರಿಜ್ಜಿನೊಳಗಿನ ವಿದ್ಯುತ್ ಕಿಡಿ ಒಂದೇ ಜಾಗದಲ್ಲಿರುವುದು ಬೇಡ. ಪೆಟ್ಟಿಗೆಯೊಳಗಿನ ನಿಶ್ಚಲವಾದ ಗಾಳಿಯಲ್ಲಿ ಟ್ಯೂಬುಗಳು ಅದಕ್ಕಿಂತಲೂ ನಿಧಾನವಾಗಿ ತಣಿಯುತ್ತವೆ, ಗ್ಲಿಸರಾಲ್ ಇರುವಾಗ ಯೀಸ್ಟ್ ಅದನ್ನು ಸಹಿಸುತ್ತದೆ.

ಮತ್ತೆ ಎಬ್ಬಿಸುವುದು

ಘನೀಕರಣ ನಿಧಾನವಾಗಿ, ಕರಗಿಸುವುದು ಬೇಗ. ಟ್ಯೂಬನ್ನು 25ರಿಂದ 30 ಡಿಗ್ರಿಯ ನೀರಿನಲ್ಲಿ ಅಲುಗಿಸುತ್ತ ಕರಗಿಸಿ, ಹೊರಮೈಯನ್ನು ಮದ್ಯಸಾರದಿಂದ ಒರೆಸಿ, 150 ಮಿಲಿಲೀಟರ್ ತೆಳುವಾದ ವರ್ಟಿಗೆ ಸುರಿಯುತ್ತೇನೆ. ಇಲ್ಲಿ 1.020ರ ಸಾಂದ್ರತೆ ಸಾಕು, ಅಂದರೆ ಏಳೂವರೆ ಗ್ರಾಂ ಮಾಲ್ಟ್ ಪುಡಿ. ಗಾಯಗೊಂಡ ಕೋಶಗಳಿಗೆ ದಟ್ಟವಾದ ಸಕ್ಕರೆ ಇನ್ನೊಂದು ಹೊರೆ. ಎರಡು ದಿನಗಳೊಳಗೆ ದ್ರವ ಹಾಲಿನಂತೆ ಮಬ್ಬಾಗಬೇಕು. ಬಳಿಕ ಅದನ್ನು ಹತ್ತುಪಟ್ಟು, ಅಂದರೆ ಒಂದೂವರೆ ಲೀಟರ್ ವರ್ಟಿಗೆ ವರ್ಗಾಯಿಸುತ್ತೇನೆ. ಈ ವರ್ಟನ್ನು ಆಗಿಂದಾಗ ಮಾಡಿಕೊಳ್ಳಬೇಕೇ ಹೊರತು, ಕುದಿಸಿ ಜಾಡಿಗೆ ತುಂಬಿ ಕಪಾಟಿನಲ್ಲಿ ಇಡಬಾರದು. ಮಾಲ್ಟಿನ ವರ್ಟ್ ಬಾಟ್ಯುಲಿಸಂ ಬ್ಯಾಕ್ಟೀರಿಯಾವನ್ನು ತಡೆಯುವಷ್ಟು ಹುಳಿಯಾಗಿರುವುದಿಲ್ಲ.

ಎಷ್ಟು ಯೀಸ್ಟ್ ಬೇಕೆಂಬ ಲೆಕ್ಕ ಹೀಗಿದೆ: ಏಲ್ ಬಗೆಯ ಬಿಯರಿಗೆ ಪ್ರತಿ ಮಿಲಿಲೀಟರಿಗೆ, ಪ್ರತಿ ಡಿಗ್ರಿ ಪ್ಲೇಟೊಗೆ (ವರ್ಟಿನಲ್ಲಿ ಕರಗಿದ ಸಕ್ಕರೆಯ ಶೇಕಡಾವಾರು ಅಳತೆ) ಏಳೂವರೆ ಲಕ್ಷ ಕೋಶಗಳು ವಾಡಿಕೆ. 12 ಡಿಗ್ರಿ ಪ್ಲೇಟೊದ 20 ಲೀಟರಿಗೆ ಅದು 18,000 ಕೋಟಿ ಕೋಶಗಳಾಗುತ್ತದೆ. ಒಂದು ಟ್ಯೂಬಿನಲ್ಲಿ ಬದುಕಿ ಉಳಿಯುವ ಕೋಶಗಳು ಕೆಲವು ನೂರು ಕೋಟಿ ಮಾತ್ರ. ಆದರೆ ಕಲಕುವ ಯಂತ್ರದ ಮೇಲಿನ ಒಂದೂವರೆ ಲೀಟರ್ ಸ್ಟಾರ್ಟರ್ ಈ ಅಂತರವನ್ನು ತುಂಬುತ್ತದೆ. ತಣ್ಣಗೆ ಹುದುಗಿಸುವ ಲ್ಯಾಗರ್ ಬಗೆಯ ಬಿಯರಿಗೆ ಇದರ ಎರಡರಷ್ಟು ಬೇಕಾಗುವುದರಿಂದ ಇನ್ನೊಂದು ಹಂತ ಸೇರಿಸಬೇಕು.

ಸತ್ತವೆಷ್ಟು, ಬದುಕಿರುವವೆಷ್ಟು ಎಂದು ನೋಡಲು 400 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕ, ಎಣಿಕೆಯ ಗೆರೆಗಳಿರುವ ಗಾಜಿನ ಪಟ್ಟಿ ಮತ್ತು ಮೀಥಿಲೀನ್ ಬ್ಲೂ ಬೇಕು. ಜೀವಂತ ಕೋಶ ಬಣ್ಣವನ್ನು ನಿರ್ವರ್ಣಗೊಳಿಸುತ್ತದೆ, ಸತ್ತದ್ದು ನೀಲಿಯಾಗಿಯೇ ಉಳಿಯುತ್ತದೆ. ಆರು ತಿಂಗಳು ದಾಟಿದ 1318ರ ಟ್ಯೂಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೋಶಗಳು ನೀಲಿಯಾಗದೆ ಕಂಡವು. ಸಾವು ಹೆಚ್ಚಾಗಿರುವ ಮಾದರಿಗಳಲ್ಲಿ ಈ ಬಣ್ಣ ಬದುಕಿರುವವರ ಲೆಕ್ಕವನ್ನು ಹಿಗ್ಗಿಸಿ ತೋರಿಸುವುದು ತಿಳಿದ ಸಂಗತಿಯಾದ್ದರಿಂದ, ಆ ಅಂಕಿಗಿಂತ ಮೊದಲ ಸ್ಟಾರ್ಟರ್ ಎಷ್ಟು ಬೇಗ ಮಬ್ಬಾಯಿತು ಎಂಬುದನ್ನೇ ನಾನು ಹೆಚ್ಚು ನಂಬುತ್ತೇನೆ. ಕೊನೆಯ ಪರೀಕ್ಷೆ ನಾಲಗೆಯದು. ತಿಳಿಯನ್ನು ಬಸಿಯುವಾಗ ಒಂದು ಗುಟುಕು ರುಚಿ ನೋಡಬೇಕು. ಹುಳಿಯೆನಿಸಿದರೆ ಬ್ಯಾಕ್ಟೀರಿಯಾ ಸೇರಿದೆ, ಲವಂಗದ ವಾಸನೆ ಬಂದರೆ ಕಾಡು ಯೀಸ್ಟ್ ಸೇರಿರಬಹುದು. ಲವಂಗದ ಸೂಚನೆ 1318ಕ್ಕೆ ಮಾತ್ರ ಸಲ್ಲುತ್ತದೆ. 3068ಕ್ಕೆ ಅದು ಹುಟ್ಟುಗುಣ. ಜರ್ಮನಿಯ ಗೋಧಿ ಬಿಯರಿಗೆ ಆ ಪರಿಮಳ ಬರುವುದೇ ಯೀಸ್ಟಿನಿಂದ, ಹಾಗಾಗಿ ಅಲ್ಲಿ ಕಲಬೆರಕೆಯನ್ನು ಮೂಗಿನಿಂದ ಹಿಡಿಯುವುದು ಕಷ್ಟ.

ಎಲ್ಲ ಯೀಸ್ಟಿಗೂ ಇಷ್ಟು ಶ್ರಮ ತಕ್ಕುದಲ್ಲ. 11.5 ಗ್ರಾಮಿನ ಒಣ ಯೀಸ್ಟ್ ಪೊಟ್ಟಣಗಳು ಅಗ್ಗ, ಮುಚ್ಚಿದ ಸ್ಥಿತಿಯಲ್ಲಿ ಫ್ರಿಜ್ಜಿನಲ್ಲಿ ದೀರ್ಘ ಕಾಲ ಬಾಳುತ್ತವೆ. ನಾರ್ವೆಯ ಹಳ್ಳಿಗಳ ಕ್ವೈಕ್ ಯೀಸ್ಟನ್ನು ಅಲ್ಲಿನವರು ತಲೆಮಾರುಗಳಿಂದ ಒಣಗಿಸಿಯೇ ಇಟ್ಟುಕೊಂಡು ಬಂದಿದ್ದಾರೆ. ಅದಕ್ಕೆ ಗ್ಲಿಸರಿನ್ ಬೇಕಿಲ್ಲ. ಬೆಲ್ಜಿಯಮ್ಮಿನ ಓರ್ವಾಲ್ ಬಿಯರಿನ ಬಾಟಲಿಯಿಂದ ತೆಗೆಯುವಂಥ, ಬ್ರೆಟನೊಮೈಸೀಸ್ ಎಂಬ ಕಾಡು ಯೀಸ್ಟ್ ಕೂಡಿದ ಮಿಶ್ರ ಯೀಸ್ಟನ್ನು ಒಂದೇ ಟ್ಯೂಬಿನಲ್ಲಿ ಘನೀಕರಿಸುವುದರಲ್ಲಿಯೂ ಅರ್ಥವಿಲ್ಲ. ಎರಡೂ ಒಂದೇ ಪ್ರಮಾಣದಲ್ಲಿ ಬದುಕುವುದಿಲ್ಲವಾದ್ದರಿಂದ ಕರಗಿಸಿದಾಗ ಸಿಗುವುದು ಬೇರೆಯೇ ಮಿಶ್ರಣ.

ಟ್ಯೂಬಿನ ಮೇಲೆ ತಳಿಯ ಸಂಖ್ಯೆ, ತುಂಬಿದ ದಿನಾಂಕ, ಮೂಲ ಪೊಟ್ಟಣದಿಂದ ಎಷ್ಟನೆಯ ಪೀಳಿಗೆ ಎಂಬ ಮೂರು ವಿವರಗಳನ್ನು ಬಟ್ಟೆಯ ಟೇಪಿನ ಮೇಲೆ ಪೆನ್ಸಿಲ್ಲಿನಿಂದ ಬರೆಯುತ್ತೇನೆ. ಮಾರ್ಕರಿನ ಶಾಯಿ ಮದ್ಯಸಾರ ತಾಗಿದೊಡನೆ ಅಳಿಸಿಹೋಗುತ್ತದೆ. ಒಮ್ಮೆ ಕರಗಿದ ಟ್ಯೂಬು ಮತ್ತೆ ಫ್ರೀಜರಿಗೆ ಹೋಗುವುದಿಲ್ಲ. ಒಂದು ತಳಿಯ ಟ್ಯೂಬುಗಳು ಎರಡಕ್ಕೆ ಇಳಿದಾಗ ಒಂದನ್ನು ಬೆಳೆಸಿ ಹೊಸ ಎಂಟನ್ನು ತುಂಬುತ್ತೇನೆ, ಇನ್ನೊಂದು ಹೊಸತರ ರುಚಿ ಸರಿಯಿದೆಯೆಂದು ಖಚಿತವಾಗುವವರೆಗೆ ಹಾಗೆಯೇ ಇರುತ್ತದೆ. ಮೂರನೆಯ ಪೀಳಿಗೆಯ ನಂತರ ಅಂಗಡಿಯಿಂದ ಹೊಸ ಪೊಟ್ಟಣ ತರುವುದು ನನ್ನ ಕ್ರಮ. ಬಾಗಿಲು ಅಪರೂಪಕ್ಕೆ ತೆರೆಯುವ ಫ್ರೀಜರೊಂದು ಗ್ಯಾರೇಜಿಗೆ ಬಂದರೆ ಎರಡು ಬಾಟಲಿಗಳಲ್ಲಿ ಅಮೋನಿಯಂ ಕ್ಲೋರೈಡ್ ತುಂಬಿ, ಮೈನಸ್ 15ರ ಮಟ್ಟ ನಿಲ್ಲುತ್ತದೆಯೇ ಎಂದು ಅದೇ ಥರ್ಮಾಮೀಟರಿನಿಂದ ಅಳೆಯುವ ಯೋಚನೆಯಿದೆ.